ಸುಮ್ಮನಮ್ಮನ ಏಳುವ ಮಂಚ

ಮಗುವನ್ನು ಎತ್ತಿಕೊಂಡು ಎದ್ದು ನಿಂತರೆ ನಾನು ಬಿದ್ದುಬಿಡುತ್ತೇನೆ. ಈ ಒಂದು ಮಾತು ತಲೆಯೊಳಗೆ ಹೊಕ್ಕಿದ್ದು ಒಂದು ಮಂಗಳವಾರ ಬೆಳಗ್ಗೆ. ಆಮೇಲೆ ಏನು ಮಾಡಿದರೂ ಅದು ಹೊರಗೆ ಹೋಗಲೊಲ್ಲದು.

ಆಗಿದ್ದಿಷ್ಟೆ. ನೆಲದ ಮೇಲೆ ಚಾಪೆಯಲ್ಲಿ ಕೂತು ಮಗಳಿಗೆ ಅಂಗಿ ಹಾಕಿ, ಅವಳನ್ನು ಸೊಂಟಕ್ಕೇರಿಸಿಕೊಂಡು ದಡಕ್ಕನೆ ಎದ್ದೆ. ಕಿವಿಯೊಳಗೆ ಯಾರೋ ನಲ್ಲಿ ತಿರುಗಿಸಿದ ಹಾಗೆ ಜೊರ್ ಎಂದಿತು. ಎದುರಿನ ಕಿಟಕಿ ಮೊದಲು ತಟ್ಟೆಯಷ್ಟಾಯಿತು, ಆಮೇಲೆ ಕಾಸಿನಷ್ಟು. ಪುಣ್ಯಕ್ಕೆ ಹಿಂದೆ ಮಡಚದೆ ಬಿಟ್ಟಿದ್ದ ಬಟ್ಟೆಗಳ ಗುಡ್ಡೆಯಿತ್ತು. ಮಗುವಿನ ಸಮೇತ ಅದರ ಮೇಲೆ ಕುಕ್ಕರಿಸಿದೆ. ಕಣ್ಣು ತಿಳಿಯಾದಾಗ ಮಗಳು ನನ್ನ ಎದೆಯ ಮೇಲೆ ಕೂತು ಕೇಕೆ ಹಾಕಿ ನಗುತ್ತಿದ್ದಳು. ಅವಳಿಗೆ ಅದೊಂದು ಹೊಸ ಆಟ. ಇನ್ನೊಂದು ಸಲ ಬೀಳು ಅನ್ನುವಂತೆ ಕೈ ಬಡಿದಳು.

ಅವಳನ್ನು ನಾವು ಗುಂಡಿ ಎಂದು ಕರೆಯುತ್ತೇವೆ. ಯಾರು ಎತ್ತಿಕೊಂಡರೂ ಅವರ ಅಂಗಿಯ ಗುಂಡಿಯನ್ನು ಬಾಯಿಗೆ ಹಾಕಿಕೊಳ್ಳುವುದರಿಂದ ಬಂದ ಹೆಸರು. ಆಸ್ಪತ್ರೆಯಲ್ಲಿ ಬರೆಸಿದ ಚೆಂದದ ಹೆಸರೊಂದಿದೆ, ಅದರಿಂದ ಕರೆದರೆ ತಿರುಗಿಯೂ ನೋಡುವುದಿಲ್ಲ.

ಅವತ್ತಿನಿಂದ ಗುಂಡಿಯನ್ನು ಎತ್ತಿಕೊಂಡು ನಿಲ್ಲುವುದನ್ನೇ ಬಿಟ್ಟೆ. ಚಾಪೆಯಿಂದ ಮಂಚಕ್ಕೆ, ಮಂಚದಿಂದ ಬಚ್ಚಲ ಬಾಗಿಲಿಗೆ, ಎಲ್ಲಿಗೇ ಆಗಲಿ, ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕೂತಲ್ಲೇ ಜರುಗುತ್ತಾ ಹೋಗುತ್ತಿದ್ದೆ. ಎರಡು ಪ್ಯಾಂಟುಗಳ ಹಿಂಭಾಗ ಸವೆದುಹೋಯಿತು. ಮಗಳೂ ಆಗಷ್ಟೇ ಅಂಬೆಗಾಲಿಡಲು ಹೊರಟಿದ್ದಳು. ಕೆಲಸದಿಂದ ಬಂದ ಗಂಡ ಬಾಗಿಲಲ್ಲೇ ನಿಂತು ಇಬ್ಬರನ್ನೂ ನೋಡಿ, "ನಮ್ಮನೇಲಿ ಮೊದ್ಲು ಯಾರು ನಡೀತಾರೋ ನೋಡೋಣ. ನಾನಂತೂ ಮಗಳ ಮೇಲೆ ಪಂದ್ಯ ಕಟ್ತೀನಿ" ಎಂದ. ನಾನು ಅತ್ತುಬಿಟ್ಟೆ. ಅವನು ಚಾಪೆಯ ಮೇಲೆ ಕೂತು, ಅಡುಗೆಮನೆಯವರೆಗೆ ನನ್ನ ಜೊತೆ ತಾನೂ ಜರುಗಿಕೊಂಡು ಬಂದ.

ನಮ್ಮ ಬೀದಿಯ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, "ಎಲ್ಲ ಸರಿ ಇದೆಯಮ್ಮ. ನೀರು ಕುಡೀರಿ, ನಿಧಾನಕ್ಕೆ ಏಳಿ, ಚೆನ್ನಾಗಿ ನಿದ್ದೆ ಮಾಡಿ" ಎಂದರು. ಆರು ತಿಂಗಳ ಮಗುವಿನ ತಾಯಿಗೆ ಚೆನ್ನಾಗಿ ನಿದ್ದೆ ಮಾಡು ಎನ್ನುವುದು ಮೀನಿಗೆ ಸ್ವಲ್ಪ ಒಣಗಿಕೋ ಎಂದ ಹಾಗೆ. ಫೋನಿನಲ್ಲಿ ಹುಡುಕಿದೆ. ಹುಡುಕಬಾರದಿತ್ತು. ಮೊದಲ ಪುಟದಲ್ಲಿ ನೀರು ಕುಡಿಯಿರಿ ಎಂದೇ ಇತ್ತು. ಇನ್ನೂ ಸ್ವಲ್ಪ ಕೆಳಗೆ ಹೋದರೆ, ನಾನು ಇಷ್ಟು ದಿನ ಉಳಿದದ್ದೇ ಹೆಚ್ಚು ಅನ್ನಿಸುವಂತಿತ್ತು. ಮನೆಗೊಂದು ಬಿ.ಪಿ. ಮೆಷಿನ್ ತರಿಸಿದೆ. ತೋಳಿಗೆ ಪಟ್ಟಿ ಬಿಗಿಯುತ್ತಿದ್ದಂತೆ ಎದೆ ಹೊಡೆದುಕೊಳ್ಳುತ್ತಿತ್ತು. ಎದೆ ಹೊಡೆದುಕೊಂಡಿದ್ದಕ್ಕೆ ಅಂಕಿ ಏರುತ್ತಿತ್ತು. ಏರಿದ ಅಂಕಿ ನೋಡಿ ಎದೆ ಇನ್ನೂ ಜೋರಾಗಿ ಹೊಡೆದುಕೊಳ್ಳುತ್ತಿತ್ತು. ಗಂಡ ಮೆಷಿನ್ನನ್ನು ಒಯ್ದು ಹಿಟ್ಟಿನ ಡಬ್ಬದ ಹಿಂದೆ ಬಚ್ಚಿಟ್ಟ.

ಅಮ್ಮನಿಗೆ ಹೇಳುವ ಹಾಗಿರಲಿಲ್ಲ. ಈ ಗಾಬರಿ ನನಗೆ ಬಂದದ್ದೇ ಅವಳ ಕಡೆಯಿಂದ. ಉಳಿದವರು ದೊಡ್ಡಮ್ಮ.

ದೊಡ್ಡಮ್ಮ ಎಂದರೆ ಅಮ್ಮನ ಅಕ್ಕ. ಮನೆಯವರ ಪೈಕಿ ಎಲ್ಲರಿಗಿಂತ ಕುಳ್ಳಗಿರುವವರು ಅವರೇ. ಸ್ಟೂಲು ಹತ್ತದೆ ಅವರಿಗೆ ಮೇಲಿನ ಕಪಾಟು ಎಟುಕುವುದಿಲ್ಲ. ಆದರೆ ದನಿ ಮಾತ್ರ ಹತ್ತಿರದ ಬಸ್ ಸ್ಟಾಪಿನವರೆಗೆ ಎಟುಕುತ್ತದೆ. ಗುಂಡಿ ಹುಟ್ಟಿದ ಮೇಲೆ ನಾನು ಅವರಿಗೆ ಮಾಡಿದ ಫೋನುಗಳಿಗೆ ಲೆಕ್ಕವಿಲ್ಲ. ಫೋನೆತ್ತಿದರೆ ಅವರು ಹಲೋ ಅನ್ನುವುದಿಲ್ಲ.

"ಕೂತಿದೀಯೋ ನಿಂತಿದೀಯೋ?"

"ಕೂತಿದೀನಿ ದೊಡ್ಡಮ್ಮ."

"ಹಾಗಾದ್ರೆ ಹೇಳು."

ಅದು ಅವರ ಕೆಲಸದಿಂದ ಅಂಟಿಕೊಂಡ ಅಭ್ಯಾಸ. ಅವರಿರುವುದು ರಕ್ತದೊತ್ತಡದ ಸಂಶೋಧನೆ ನಡೆಯುವ ಜಾಗದಲ್ಲಿ, ಒಂದು ಕಟ್ಟಡದ ಮೂರನೇ ಮಹಡಿಯಲ್ಲಿ. ಕೂತಾಗ ತೆಗೆದದ್ದೋ, ನಿಂತಾಗ ತೆಗೆದದ್ದೋ, ಮಲಗಿದಾಗಲೋ ಎಂದು ಬರೆಯದೆ ಅಲ್ಲಿ ಯಾವ ಅಂಕಿಗೂ ಬೆಲೆಯಿಲ್ಲವಂತೆ. ಹಾಗಾಗಿ ನನ್ನ ಅಳುವಿಗೂ ಅದೇ ಕ್ರಮ.

"ದೊಡ್ಡಮ್ಮ, ಗುಂಡಿ ನೆತ್ತಿ ಪುಟುಪುಟು ಬಡೀತಿದೆ."

"ಬಡೀಲಿ ಬಿಡೇ. ಎಳೇ ಮಕ್ಕಳ ನೆತ್ತಿ ಬಡೀದೆ ಇನ್ನೇನು ನನ್ನ ನೆತ್ತಿ ಬಡಿಯತ್ತಾ?"

"ಬೆಳಗ್ಗಿಂದ ಮೂರು ಸಲ ಸೀನಿದಳು."

"ನಾಲ್ಕನೇದಕ್ಕೆ ಕಾಯ್ತಿರ್ತೀನಿ. ಇಡು ಫೋನು." ಆದರೆ ಅವರೇ ಇಡುತ್ತಿರಲಿಲ್ಲ. "ಅಲ್ವೇ, ಒಂದು ದಿನವಾದ್ರೂ ಸುಮ್ನೆ ಫೋನ್ ಮಾಡೇ ಹುಡುಗಿ! ಏನೂ ಆಗದೇ ಇದ್ದಾಗ, ಸುಮ್ನೆ! ನೀನು ಹಾಗೆ ಮಾಡಿದ ದಿನ ನಾನು ಮೂರನೇ ಮಹಡೀಲಿ ಕುಣೀತೀನಿ, ನೋಡ್ತಿರು."

ಈ 'ಸುಮ್ಮನೆ' ಎಂಬ ಮಾತಿಗೂ ದೊಡ್ಡಮ್ಮನಿಗೂ ಇರುವ ನಂಟು ದೊಡ್ಡದು. ಅದನ್ನು ಹೇಳದಿದ್ದರೆ ಅವರ ಬಗ್ಗೆ ಏನೂ ಹೇಳಿದಂತಾಗುವುದಿಲ್ಲ.

ದೊಡ್ಡಮ್ಮ ಮೊದಲು ಶಿಶುಶಾಲೆಯಲ್ಲಿ ಟೀಚರಾಗಿದ್ದರು. ಅರ್ಧ ಆಯುಸ್ಸು ಕಳೆದದ್ದು ಬಳಪ ತಿನ್ನುವವರು, ಬೆಂಚಿನಡಿ ಮಲಗುವವರು, ಪಕ್ಕದವರ ಜಡೆ ಎಳೆಯುವವರ ನಡುವೆ. ಅವರು ಮೇಜಿನ ಮುಂದೆ ನಿಂತು "ಸುಮ್ಮನಿರಿ!" ಎಂದರೆ ಇಡೀ ಕೋಣೆಯ ಬೆನ್ನುಗಳು ನೆಟ್ಟಗಾಗಿ, ಅಷ್ಟೂ ತೋರುಬೆರಳುಗಳು ತುಟಿಯ ಮೇಲೆ ಬಂದು ಕೂರುತ್ತಿದ್ದವು. ಹೊರಗೆ ಬೀದಿಯಲ್ಲಿ ಜಗಳವಾಡುತ್ತಿದ್ದವರೂ ಒಂದು ಗಳಿಗೆ ತಡೆದು ನಿಲ್ಲುತ್ತಿದ್ದರೆಂದು ಅಮ್ಮ ಹೇಳುತ್ತಾಳೆ. ಆಮೇಲೆ ಆ ಶಾಲೆ ಮುಚ್ಚಿತು. ದೊಡ್ಡಮ್ಮ ಮನೆಯಲ್ಲಿ ಕೂತರು. ಮಾತಾಡಲು ಜನವಿಲ್ಲದೆ ಸೊರಗಿದರು.

ದೊಡ್ಡಪ್ಪ ಇದ್ದರಲ್ಲ ಎಂದು ಕೇಳಬಹುದು. ದೊಡ್ಡಪ್ಪ ಲಿಫ್ಟು ನಡೆಸುವವರು, ಅದೇ ಸಂಶೋಧನೆಯ ಕಟ್ಟಡದಲ್ಲಿ. ಅವರು ದಿನವಿಡೀ ಆಡುವ ಮಾತು ಎರಡೇ: "ಮೇಲೆ?" "ಕೆಳಗೆ?" ಮನೆಗೆ ಬಂದ ಮೇಲೆ ಅವೆರಡೂ ಇಲ್ಲ. ಅಂಥವರು ಒಂದು ಸಂಜೆ ಊಟದ ನಡುವೆ ತಲೆಯೆತ್ತಿ, "ಮೂರನೇ ಮಹಡೀಲಿ ಕೆಲಸ ಖಾಲಿ ಇದೆ" ಎಂದರಂತೆ. ಅಷ್ಟುದ್ದದ ಮಾತು ಕೇಳಿಯೇ ದೊಡ್ಡಮ್ಮ ಕೈಯಲ್ಲಿದ್ದ ಚಮಚ ಕೆಳಗಿಟ್ಟರು.

"ಏನ್ ಕೆಲಸ?"

ದೊಡ್ಡಪ್ಪ ಯೋಚಿಸಿ ಹೇಳಿದರು: "ಮಾತಾಡದೇ ಇರೋದು."

ನಿಜಕ್ಕೂ ಅದೇ ಕೆಲಸ. ಮೂರನೇ ಮಹಡಿಯವರು ನೋಡುತ್ತಿದ್ದದ್ದು ಮನುಷ್ಯನ ರಕ್ತದೊತ್ತಡ ಹೇಗೆಲ್ಲ ಏರಿಳಿಯುತ್ತದೆ ಎಂದು. ಮಲಗಿದವನು ಎದ್ದರೆ, ತಣ್ಣೀರಲ್ಲಿ ಕೈ ಅದ್ದಿದರೆ, ಬಾಯಿಲೆಕ್ಕ ಮಾಡಿದರೆ, ನಕ್ಕರೆ, ಹೃದಯ ಮತ್ತು ರಕ್ತನಾಳಗಳು ಏನು ಮಾಡುತ್ತವೆ? ಇದಕ್ಕಾಗಿ ಊರಿನ ಜನ ತಾವಾಗಿ ಬಂದು ಕೂರುತ್ತಾರೆ. ಬಂದವರನ್ನು ಕುರ್ಚಿಯಲ್ಲಿ ಬೆನ್ನಾನಿಸಿ ಕೂರಿಸಿ, ಪಾದ ನೆಲಕ್ಕೂರಿಸಿ, ತೋಳು ಎದೆಯ ಮಟ್ಟಕ್ಕೆ ಬರುವಂತೆ ದಿಂಬು ಕೊಟ್ಟು, ಪಟ್ಟಿ ಕಟ್ಟಿ, ಕೆಲವು ನಿಮಿಷ ಮೌನವಾಗಿಡುವುದು ದೊಡ್ಡಮ್ಮನ ಪಾಲು. ಮಾತಾಡಿದರೆ ಅಂಕಿ ಏರುತ್ತದೆ. ಅದಕ್ಕೇ ಬಂದವರೂ ಮಾತಾಡುವಂತಿಲ್ಲ, ದೊಡ್ಡಮ್ಮನೂ ಮಾತಾಡುವಂತಿಲ್ಲ. ಆ ನಿಮಿಷಗಳನ್ನು ಅವರು ತುಟಿ ಕಚ್ಚಿಕೊಂಡು ಕಳೆದು, ಆಮೇಲೆ ಕಾರಿಡಾರಿಗೆ ಬಂದು ಸಿಕ್ಕಿದವರ ಮೇಲೆ ಬಡ್ಡಿ ಸಮೇತ ತೀರಿಸಿಕೊಳ್ಳುತ್ತಿದ್ದರು.

ಎಲ್ಲ ಚೆನ್ನಾಗಿತ್ತು, ಒಂದನ್ನು ಬಿಟ್ಟು. ದೊಡ್ಡಮ್ಮ ಬಂದ ಮೇಲೆ ಆ ಕುರ್ಚಿಯಲ್ಲಿ ಕೂತವರೆಲ್ಲರ ರಕ್ತದೊತ್ತಡ ಏರತೊಡಗಿತು. ಬಂದವರು ಗಟ್ಟಿಮುಟ್ಟಾದವರೇ. ದಿನವೂ ಈಜುವವನೊಬ್ಬ, ಊರೆಲ್ಲ ಸೈಕಲ್ ತುಳಿಯುವ ಅಂಚೆಯಾಕೆ, ತೋಟದ ಮಾಲಿ. ಆದರೂ ಪಟ್ಟಿ ಕಟ್ಟಿದರೆ ಅಂಕಿ ಮೇಲೆ. ಸಂಶೋಧನೆ ನಡೆಸುತ್ತಿದ್ದ ಡಾಕ್ಟರಮ್ಮ ಮೆಷಿನ್ ಬದಲಿಸಿದಳು, ಪಟ್ಟಿ ಬದಲಿಸಿದಳು, ಕುರ್ಚಿ ಬದಲಿಸಿದಳು. ಕಿಟಕಿಯಿಂದ ಬರುವ ತಣ್ಣನೆಯ ಗಾಳಿಯ ಮೇಲೂ ಅನುಮಾನಪಟ್ಟಳು. ಕೊನೆಗೆ ತಾನೇ ಕುರ್ಚಿಯಲ್ಲಿ ಕೂತು, "ಅಮ್ಮ, ನನಗೇ ಕಟ್ಟಿ ನೋಡೋಣ" ಎಂದಳು.

ದೊಡ್ಡಮ್ಮ ಪಟ್ಟಿ ಕಟ್ಟಿದರು. ದಿಂಬು ಸರಿಮಾಡಿದರು. ಎರಡು ಹೆಜ್ಜೆ ಹಿಂದೆ ಸರಿದು, ಎಲ್ಲರಿಗೂ ಹೇಳುವಂತೆ ಹೇಳಿದರು:

"ಸುಮ್ಮನಿರಿ!"

ಡಾಕ್ಟರಮ್ಮನ ಬೆನ್ನು ಕಡ್ಡಿಯಂತೆ ನೆಟ್ಟಗಾಯಿತು. ಪಟ್ಟಿ ಇಲ್ಲದ ಕೈ ತಾನಾಗಿ ಮೇಲೆದ್ದು, ಅದರ ತೋರುಬೆರಳು ತುಟಿಯ ಮೇಲೆ ಬಂದು ಕೂತಿತು. ಅಂಕಿ ಸರ್ರನೆ ಏರಿತು. ಡಾಕ್ಟರಮ್ಮ ಕಣ್ಣು ಕೆಳಗೆ ಮಾಡಿ ತನ್ನ ಬೆರಳನ್ನು ತಾನೇ ನೋಡಿಕೊಂಡಳಂತೆ.

"ಅಮ್ಮ, ನೀವು ಮೊದ್ಲು ಏನ್ ಕೆಲಸ ಮಾಡ್ತಿದ್ರಿ?"

"ಶಿಶುಶಾಲೆ ಟೀಚರು."

ಡಾಕ್ಟರಮ್ಮ ಕುರ್ಚಿಯಿಂದ ಜಾರಿ ನೆಲದ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಯ್ಯೋ ದೇವರೇ, ಇಷ್ಟು ದಿನ ನಾವು ಅಳೆದಿದ್ದು ರಕ್ತದೊತ್ತಡ ಅಲ್ಲ, ನಿಮ್ಮ ಕ್ಲಾಸು!"

ದೊಡ್ಡಮ್ಮನಿಗೆ ನಗು ಬರಲಿಲ್ಲ. ಕೆಲಸ ಹೋಯಿತೆಂದು ಚೀಲ ಎತ್ತಿಕೊಂಡು ಬಾಗಿಲ ಕಡೆ ಹೊರಟರು. ಡಾಕ್ಟರಮ್ಮ ಕಣ್ಣೊರೆಸಿಕೊಂಡು ಎದ್ದು ಮತ್ತೆ ಕುರ್ಚಿಯಲ್ಲಿ ಕೂತು, "ಹೋಗೋದೆಲ್ಲಿಗೆ? ಸಂಧಿ ಬಿಡಿಸಿ ಹೇಳಿ ನೋಡೋಣ" ಎಂದಳು.

"ಏನು?"

"ಟೀಚರಾಗಿ ಮರೆತ್ರಾ? ಸುಮ್ಮನೆ, ಇರಿ, ಸೇರಿ ಸುಮ್ಮನಿರಿ. ಲೋಪಸಂಧಿ. ಅದನ್ನ ಬಿಡಿಸಿ, ಎರಡು ಮಾತು ಮಾಡಿ ಹೇಳಿ."

"ಸುಮ್ಮನೆ… ಇರಿ" ಎಂದರು ದೊಡ್ಡಮ್ಮ.

ಅಂಕಿ ಇಳಿಯಿತು. ಕೂಡಿಸಿ ಹೇಳಿದರೆ ಬಾಯಿ ಮುಚ್ಚಿ ಎಂದಂತೆ. ಬಿಡಿಸಿ ಹೇಳಿದರೆ, ನೀವೇನೂ ಮಾಡಬೇಕಾಗಿಲ್ಲ, ಹಾಗೇ ಇರಿ ಎಂದಂತೆ. ಹಳೆಯ ಅಳತೆಗಳನ್ನೆಲ್ಲ ಎತ್ತಿ ಬದಿಗಿಟ್ಟರು. ಡಾಕ್ಟರಮ್ಮ ಅಲ್ಲಿಗೆ ಬಿಡದೆ, ಅದೇ ಜನರನ್ನು ಮತ್ತೆ ಕರೆಸಿ, ಒಂದು ದಿನ ಕೂಡಿಸಿದ ಮಾತು, ಇನ್ನೊಂದು ದಿನ ಬಿಡಿಸಿದ ಮಾತು ಎಂದು ಅದನ್ನೇ ಒಂದು ಪುಟ್ಟ ಸಂಶೋಧನೆ ಮಾಡಿದಳು. ಅದನ್ನು ಬೇರೆ ಭಾಷೆಯ ಪತ್ರಿಕೆಗೆ ಬರೆಯಲು ಕೂತಾಗ ಮಾತ್ರ ಅವಳ ತಲೆ ಕೆಟ್ಟಿತಂತೆ. ಅನುವಾದ ಮಾಡಿದರೆ ಎರಡು ಮಾತೂ ಒಂದೇ ಆಗಿ, ಸಂಶೋಧನೆಯೇ ಮಾಯವಾಗುತ್ತಿತ್ತು.

ಅವತ್ತಿನಿಂದ ಮೂರನೇ ಮಹಡಿಯಲ್ಲಿ ದೊಡ್ಡಮ್ಮನ ಹೆಸರು ಸುಮ್ಮನಮ್ಮ. ಅವರ ಬಾಯಿ ಬಲ್ಲ ನಮ್ಮ ಮನೆಯವರಿಗೆಲ್ಲ ಇದಕ್ಕಿಂತ ದೊಡ್ಡ ತಮಾಷೆ ಇನ್ನೊಂದಿಲ್ಲ. ಮನೆಯಲ್ಲಿ ನಾಲ್ಕು ಜನ ಸೇರಿದರೆ ಸಾಕು, ದೊಡ್ಡಮ್ಮ ಈ ಕಥೆಯನ್ನು ಅಭಿನಯ ಸಮೇತ ಹೇಳುತ್ತಾರೆ. ಡಾಕ್ಟರಮ್ಮನ ಬೆರಳಿನ ಪಾತ್ರವನ್ನೂ ಅವರೇ ಮಾಡುತ್ತಾರೆ.

ನಾನು ಬಟ್ಟೆಗುಡ್ಡೆಯ ಮೇಲೆ ಬಿದ್ದ ಸುದ್ದಿ ಕೇಳಿದ ದಿನ ಮಾತ್ರ ದೊಡ್ಡಮ್ಮ ತಮಾಷೆ ಮಾಡಲಿಲ್ಲ. "ಇಲ್ಲಿಗೆ ಬಾ. ಹೆತ್ತು ವರ್ಷ ಆಗದ ತಾಯಂದಿರು ಬೇಕು ಅಂತ ಡಾಕ್ಟರಮ್ಮ ಹುಡುಕ್ತಿದಾಳೆ. ಮಲಗಿದ್ದು ಎದ್ರೆ ಒತ್ತಡ ಏನಾಗತ್ತೆ ಅಂತ ನೋಡೋಕೆ. ಏಳೋ ಮಂಚ ಇದೆ, ಮಲಗಿದವರನ್ನ ತಾನೇ ನಿಲ್ಲಿಸತ್ತೆ."

"ಏನಾದ್ರೂ ಇದೆ ಅಂತ ಗೊತ್ತಾದ್ರೆ?"

"ಗೊತ್ತಾಗತ್ತೆ."

"ಅದೇ ಭಯ."

"ಏನೂ ಇಲ್ಲ ಅಂತ ಗೊತ್ತಾದ್ರೆ?"

"ಅದನ್ನ ನಂಬೋದು ಹೇಗೆ?"

"ಅಯ್ಯೋ ಇವಳ! ನಂಬಬೇಡ. ಪರದೆ ಮೇಲೆ ಗೆರೆ ಬರತ್ತೆ, ಕಣ್ಣಾರೆ ನೋಡು. ಇಲ್ಲಾಂದ್ರೆ ಗುಂಡಿ ಶಾಲೆಗೆ ಹೋಗೋವಾಗ್ಲೂ ಹಿಂದಿಂದೆ ಜರುಗಿಕೊಂಡು ಹೋಗು."

ಆ ಚಿತ್ರ ಕಣ್ಣಿಗೆ ಕಟ್ಟಿತು. ಶಾಲೆಯ ಗೇಟು, ಸಾಲಾಗಿ ನಿಂತ ತಾಯಂದಿರು, ನೆಲದಲ್ಲಿ ನಾನು. ಹೋದೆ.

ಕಟ್ಟಡದ ಕೆಳಗೆ ಲಿಫ್ಟಿನ ಬಾಗಿಲು ಸರಿಸಿ ನಿಂತಿದ್ದರು ದೊಡ್ಡಪ್ಪ. ಮಗು ಇದ್ದದ್ದು ತಳ್ಳುಗಾಡಿಯಲ್ಲಿ. ನನ್ನ ತೋಳಿನಲ್ಲಿ ಅಲ್ಲ ಎಂಬುದನ್ನು ಅವರು ಗಮನಿಸಿದರು. "ಮೇಲೆ?" ಎಂದರು. ಮೂರನೇ ಮಹಡಿ ಬಂದಾಗ ಬಗ್ಗಿ ಗುಂಡಿಯನ್ನು ಎತ್ತಿಕೊಂಡು, "ಇವಳು ಇಲ್ಲಿರಲಿ" ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಬಾಗಿಲು ಮುಚ್ಚಿ ಇಬ್ಬರೂ ಕೆಳಗೆ ಹೋದರು.

ಆ ಕೋಣೆ ನಾನು ಎಣಿಸಿದಂತಿರಲಿಲ್ಲ. ಬೆಳಕು ಮಂದ, ಗೋಡೆಗೆ ತಿಳಿಹಸಿರು ಬಣ್ಣ, ಟಿಕ್ ಟಿಕ್ ಎನ್ನುವ ಗಡಿಯಾರ ಕೂಡ ಇಲ್ಲ. ನಡುವೆ ಆ ಮಂಚ. ಕಿರಿದಾದ ಮಂಚ, ಕಾಲಡಿಗೆ ಒಂದು ಹಲಗೆ, ಸೊಂಟಕ್ಕೂ ಮೊಣಕಾಲಿಗೂ ಅಗಲದ ಪಟ್ಟಿ. ಡಾಕ್ಟರಮ್ಮ ನನಗಿಂತ ಸ್ವಲ್ಪವೇ ದೊಡ್ಡವಳು, ಜೇಬಿನ ತುಂಬ ಪೆನ್ನು. ನನ್ನನ್ನು ಮಂಚದ ಮೇಲೆ ಮಲಗಿಸಿ, ಎದೆಗೆ ಅಂಟುಪಟ್ಟಿಗಳನ್ನು ಹಚ್ಚಿ, ಬೆರಳಿಗೊಂದು ಪುಟ್ಟ ಪಟ್ಟಿ ಸಿಕ್ಕಿಸಿದರು. ಪಕ್ಕದ ಪರದೆಯ ಮೇಲೆ ನನ್ನ ರಕ್ತದೊತ್ತಡ ಬಡಿತ ಬಡಿತಕ್ಕೂ ಗೆರೆಯಾಗಿ ಓಡತೊಡಗಿತು. ಅದು ಏರುತ್ತಲೇ ಇತ್ತು.

ನಾನು ಲಿಫ್ಟಿನ ಬಗ್ಗೆ ಯೋಚಿಸುತ್ತಿದ್ದೆ. ಲಿಫ್ಟು ನಡುವೆ ನಿಂತರೆ? ಕರೆಂಟು ಹೋದರೆ? ದೊಡ್ಡಪ್ಪನ ಅಂಗಿಯ ಗುಂಡಿ ಕಿತ್ತು ಬಂದು ಮಗುವಿನ ಗಂಟಲಲ್ಲಿ ಸಿಕ್ಕಿಕೊಂಡರೆ? ಇದನ್ನೆಲ್ಲ ಯಾರಿಗೂ ಹೇಳಲಿಲ್ಲ. ಆದರೆ ಪರದೆ ಎಲ್ಲರಿಗೂ ಹೇಳುತ್ತಿತ್ತು.

ದೊಡ್ಡಮ್ಮ ಹತ್ತಿರ ಬಂದರು. ನಾನು ಬಲ್ಲ ದೊಡ್ಡಮ್ಮ ಅಲ್ಲ ಅದು. ದನಿಯನ್ನು ಯಾವುದೋ ಕಪಾಟಿನಲ್ಲಿ ಮಡಚಿಟ್ಟು ಬಂದವರ ಹಾಗಿದ್ದರು. ಹಣೆಯ ಮೇಲಿನ ಕೂದಲು ಹಿಂದಕ್ಕೆ ಸರಿಸಿ, ಕಿವಿಗಷ್ಟೇ ಕೇಳುವಂತೆ ಹೇಳಿದರು:

"ಗುಂಡಿಗಳನ್ನೆಲ್ಲ ಬೆಳಗ್ಗೆ ನಾನೇ ಗಟ್ಟಿಯಾಗಿ ಹೊಲಿದಿದೀನಿ. ಸುಮ್ಮನೆ… ಇರು."

ಗೆರೆ ಇಳಿಯಿತು. ನಾನೇ ನೋಡಿದೆ.

ಮಂಚ ಮೆಲ್ಲಗೆ ಎದ್ದಿತು. ಛಾವಣಿ ಗೋಡೆಯಾಯಿತು, ಪಾದ ಹಲಗೆಗೆ ತಾಗಿತು. ಈಗ ಬೀಳುತ್ತೇನೆ, ಈಗ ಬೀಳುತ್ತೇನೆ ಎಂದು ಕಾದೆ. ಏನೂ ಆಗಲಿಲ್ಲ. ಗೆರೆ ಒಂದಿಷ್ಟು ತೊನೆದು, ದಾರಿಗೆ ಬಂದು, ನಡೆದುಕೊಂಡು ಹೋಯಿತು. ನನಗೆ ಸಮಾಧಾನದ ಬದಲು ಅವಮಾನವಾದ ಹಾಗಾಯಿತು. ಹಾಗಾದರೆ ಎಲ್ಲ ನನ್ನ ಭ್ರಮೆಯೇ?

"ಇದು ಮೊದಲನೇ ಭಾಗ" ಎಂದಳು ಡಾಕ್ಟರಮ್ಮ. "ಇಲ್ಲಿ ಮಂಚ ಎಬ್ಬಿಸಿತು, ನೀವು ಕಷ್ಟಪಡಲಿಲ್ಲ. ಇನ್ನು ನೀವೇ ಏಳ್ಬೇಕು. ಮನೇಲಿ ಹೇಗೆ ಏಳ್ತೀರೋ ಹಾಗೇ."

ನೆಲಕ್ಕೆ ಚಾಪೆ ಹಾಸಿದರು. ಕೂತೆ. ದೊಡ್ಡಮ್ಮ ಹಿಂದೆ, ಡಾಕ್ಟರಮ್ಮ ಪಕ್ಕದಲ್ಲಿ. "ಏಳಿ" ಅಂದಳು. ದಡಕ್ಕನೆ ಎದ್ದೆ. ಅದೇ ನಲ್ಲಿ, ಅದೇ ಜೊರ್, ಪರದೆ ತಟ್ಟೆಯಾಯಿತು. ಆ ತಟ್ಟೆಯೊಳಗೆ ಗೆರೆ ಬಾವಿಗೆ ಬಿಟ್ಟ ಕೊಡದಂತೆ ಇಳಿದದ್ದು ಕಂಡಿತು. ದೊಡ್ಡಮ್ಮನ ಎರಡು ಕೈ ನನ್ನ ಸೊಂಟದ ಮೇಲಿದ್ದವು. ಮೂರು ನಾಲ್ಕು ಉಸಿರಿನಷ್ಟರಲ್ಲಿ ಗೆರೆ ಮತ್ತೆ ಮೇಲಕ್ಕೆ ಬಂತು, ಪರದೆಯೂ ಮೊದಲಿನಷ್ಟಾಯಿತು.

"ಇದು ಭ್ರಮೆ ಅಲ್ಲ!" ಎಂದೆ. ನನಗೆ ಖುಷಿಯೇ ಆಗಿತ್ತು, ದೇವರಾಣೆ.

"ಅಲ್ವೇ ಅಲ್ಲ. ನೀವು ಎದ್ದಾಗ ರಕ್ತ ಕಾಲಿಗೆ ಇಳಿಯತ್ತೆ. ಎಲ್ರಿಗೂ ಹಾಗೇ. ಕತ್ತಿನ ಹತ್ರ ಒಬ್ಬ ಕಾವಲುಗಾರ ಇದಾನೆ ಅಂದ್ಕೊಳ್ಳಿ. ಅವನು ತಕ್ಷಣ ಸುದ್ದಿ ಮುಟ್ಟಿಸ್ತಾನೆ: ಹೃದಯವೇ ಬೇಗ ಹೊಡಿ, ನಾಳಗಳೇ ಬಿಗಿಯಾಗಿ ಅಂತ. ನಿಮ್ಮವನೂ ಕೆಲಸ ಮಾಡ್ತಾನೆ. ಆದರೆ ಆಕಳಿಸಿ, ಮೈಮುರಿದು, ಆಮೇಲೆ ಏಳ್ತಾನೆ."

"ಪಾಪ, ಅವನಿಗೂ ನಿದ್ದೆ ಇಲ್ಲ" ಎಂದರು ದೊಡ್ಡಮ್ಮ.

"ಹೂಂ. ನಿದ್ದೆ ಇಲ್ಲ, ನೀರು ಕಡಿಮೆ, ದಡಕ್ಕಂತ ಏಳೋದು. ನಿಮ್ಮ ವಯಸ್ಸಲ್ಲಿ ಇದು ಅಪರೂಪ ಏನಲ್ಲ, ಹೃದಯದ ಕಾಯಿಲೆನೂ ಅಲ್ಲ."

"ಆದ್ರೆ ಆ 'ಆಮೇಲೆ'ಯ ಒಳಗೆ," ಎಂದೆ, "ಗುಂಡಿಗೆ ಏನಾದ್ರೂ ಆದ್ರೆ?"

"ಗುಂಡಿಗೆಗೆ ಏನೂ ಆಗಲ್ಲ ಅಂದ್ನಲ್ಲ. ನಿಮ್ಮ ಗುಂಡಿಗೆ ಗಟ್ಟಿಯಾಗಿದೆ."

"ನನ್ನ ಗುಂಡಿಗೆ ಅಲ್ಲ ಡಾಕ್ಟ್ರೇ. ನಮ್ಮ ಗುಂಡಿ! ಗುಂಡಿ ಬಿದ್ರೆ ಅಂತ!"

ಡಾಕ್ಟರಮ್ಮ ಗಾಬರಿಯಿಂದ ತನ್ನ ಕೋಟಿನ ಗುಂಡಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿಕೊಂಡಳು. ದೊಡ್ಡಮ್ಮನಿಗೆ ತಡೆಯಲಾಗಲಿಲ್ಲ. "ಮಗೂ ಹೆಸರು ಗುಂಡಿ ಡಾಕ್ಟ್ರೇ!" ಎಂದು ಅವರು ಹಾಕಿದ ನಗೆಗೆ ಟ್ರೇಯಲ್ಲಿದ್ದ ಕತ್ತರಿ ಕಣಕಣ ಎಂದಿತು. ಪರದೆಯ ಮೇಲೆ ನನ್ನ ಗೆರೆ ಏನೇನೋ ಬೆಟ್ಟಗುಡ್ಡ ಬರೆಯಿತು. ನಾನೂ ನಗುತ್ತಿದ್ದೆ ಎಂದು ಅದನ್ನು ನೋಡಿದ ಮೇಲೆ ಗೊತ್ತಾಯಿತು.

ಆಮೇಲೆ ಡಾಕ್ಟರಮ್ಮ ಉಪಾಯ ಹೇಳಿಕೊಟ್ಟಳು. ಏಳುವ ಮೊದಲು ಕೂತಲ್ಲೇ ತೊಡೆ, ಮೀನಖಂಡ, ಕುಂಡೆ ಎಲ್ಲವನ್ನೂ ಕಲ್ಲಿನಂತೆ ಬಿಗಿದು ಹಿಡಿಯಬೇಕು. ಮೆಲ್ಲಗೆ ಎದ್ದು, ನಿಂತ ಮೇಲೂ ಕಾಲಿಗೆ ಕಾಲು ಹೆಣೆದು ಒಂದಿಷ್ಟು ಹೊತ್ತು ಬಿಗಿಯಬೇಕು. ಹಿಂಡಿದರೆ ಕಾಲಿನ ರಕ್ತ ಮೇಲೆ ಬರುತ್ತದೆ, ಅಷ್ಟರಲ್ಲಿ ಕಾವಲುಗಾರ ಏಳುತ್ತಾನೆ. ಕಣ್ಣು ಕತ್ತಲಾದರೆ ನಾಚಿಕೆ ಪಡದೆ ಕೂತುಬಿಡಬೇಕು. "ಮತ್ತೆ ಮತ್ತೆ ಆದ್ರೆ ಇಲ್ಲಿಗೇ ಬನ್ನಿ."

ಮತ್ತೊಮ್ಮೆ ಕೂತೆ. ಬಿಗಿದೆ. ಎದ್ದೆ. ಈ ಸಲ ಗೆರೆಯ ಕೊಡ ಬಾವಿಯ ಅರ್ಧದವರೆಗೂ ಇಳಿಯದೆ ಮೇಲೆ ಬಂತು. ಕಾಲು ನನ್ನದೇ, ಗೆರೆಯೂ ನನ್ನದೇ.

ಲಿಫ್ಟಿನ ಬಾಗಿಲ ಬಳಿ ಬಂದಾಗ ಒಳಗಿಂದ ಯಾರದೋ ದನಿ ಕೇಳುತ್ತಿತ್ತು. "ನಾಲ್ಕನೇ ಮಹಡಿ ನೋಡು ಕಂದಾ, ಕಣ್ಣಿನವರು. ಅಲ್ಲಿ ದೊಡ್ಡ ದೊಡ್ಡವರು ಗೋಡೆ ಮೇಲಿನ ಅಕ್ಷರ ಓದಕ್ಕಾಗದೆ ಬೈಸ್ಕೋತಾರೆ. ಐದನೇದು ಹಲ್ಲಿನವರು. ನಿನಗೆ ಈಗ್ಲೇ ಬೇಡ, ಹಲ್ಲು ಬರ್ಲಿ…" ಬಾಗಿಲು ಸರಿಯಿತು. ದೊಡ್ಡಪ್ಪ ಸ್ಟೂಲಿನ ಮೇಲೆ ಕೂತಿದ್ದರು, ಗುಂಡಿ ಅವರ ಅಂಗಿಯ ಎರಡನೇ ಗುಂಡಿಯನ್ನು ಚೀಪುತ್ತಿದ್ದಳು. ನಮ್ಮನ್ನು ಕಂಡದ್ದೇ ದೊಡ್ಡಪ್ಪನ ಬಾಯಿ ಮುಚ್ಚಿತು.

"ಮುಚ್ಚಿದ್ರಾ!" ಎಂದರು ದೊಡ್ಡಮ್ಮ. "ಮದುವೆ ಆದಾಗಿಂದ ಇವರ ಹತ್ರ ಬಾಯಿ ಬಿಡಿಸೋಕೆ ಒದ್ದಾಡ್ತಿದೀನಿ. ಇವಳು ಒಂದು ಗುಂಡಿ ಚೀಪಿ ಬಿಡಿಸಿಬಿಟ್ಟಳು!"

ದೊಡ್ಡಪ್ಪ ನನ್ನನ್ನು ನೋಡಿ, "ಕೆಳಗೆ?" ಎಂದರು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ತಲೆಗೆ ಗೊತ್ತಾದದ್ದು ಕಾಲಿಗೆ ಗೊತ್ತಾಗಲಿಲ್ಲ. ಮನೆಗೆ ಬಂದ ಮೇಲೂ ಗುಂಡಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಜರುಗುತ್ತಲೇ ಇದ್ದೆ. ಮೊದಲು ಬರಿಗೈಯಲ್ಲಿ ಏಳುವುದನ್ನು ರೂಢಿಸಿಕೊಂಡೆ. ಆಮೇಲೆ ಗುಂಡಿಯಷ್ಟೇ ತೂಕದ ಹಿಟ್ಟಿನ ಚೀಲವನ್ನು ಸೊಂಟದ ಮೇಲಿಟ್ಟುಕೊಂಡು, ಬಿಗಿದು, ಎದ್ದು, ಕಾಲು ಹೆಣೆದು ನಿಂತೆ. ಗಂಡ ಬಂದು ನೋಡಿದ. ನಾನು ಕೋಣೆಯ ನಡುವೆ ಹಿಟ್ಟಿನ ಚೀಲ ತೂಗುತ್ತಾ ನಿಂತಿದ್ದೆ, ಗುಂಡಿ ಚಾಪೆಯ ಮೇಲಿಂದ ಹೊಟ್ಟೆಕಿಚ್ಚಿನಿಂದ ನೋಡುತ್ತಿದ್ದಳು.

"ಇವಳಿಗೇನು ಹೆಸರಿಟ್ಟೆ?" ಎಂದ.

"ಹೋಗೋ."

"ಚೆನ್ನಾಗಿದಾಳೆ. ಅಳಲ್ಲ. ಸೀನಲ್ಲ."

ಮರುದಿನ ಬೆಳಗ್ಗೆ ಅವನು ಕೆಲಸಕ್ಕೆ ಹೋದ ಮೇಲೆ, ಕೆಳಗೆ ಬೀದಿಯಲ್ಲಿ ಏನೋ ಸದ್ದಾಯಿತು. ಯಾರದೋ ಮನೆಗೆ ಪಿಯಾನೋ ತರುತ್ತಿದ್ದರು. ಹೊತ್ತವರ ಕೈ ಜಾರಿ ಮುಚ್ಚಳ ತೆರೆದುಕೊಂಡಿತೋ ಏನೋ, ಒಟ್ಟೊಟ್ಟಿಗೆ ಹತ್ತಾರು ಸ್ವರ ಢಣ್ ಎಂದವು. ಗುಂಡಿ ಕಿಟಕಿಯತ್ತ ತಿರುಗಿದಳು. ಕಿಟಕಿ ಎತ್ತರ. ಅಲ್ಲಿಗೆ ಜರುಗಿಕೊಂಡು ಹೋದರೆ ಗೋಡೆ ಮಾತ್ರ ಕಾಣುತ್ತದೆ. ಅವಳು ನನ್ನ ಕಡೆ ತಿರುಗಿ ಎರಡೂ ಕೈ ಮೇಲೆತ್ತಿದಳು.

ಲೋಟದ ನೀರನ್ನೆಲ್ಲ ಕುಡಿದೆ. ಅವಳನ್ನು ಸೊಂಟಕ್ಕೆ ಒತ್ತಿಕೊಂಡು ಕುಕ್ಕರಗಾಲಲ್ಲಿ ಕೂತೆ. ತೊಡೆ ಬಿಗಿದೆ, ಮೀನಖಂಡ ಬಿಗಿದೆ, ಹಲ್ಲನ್ನೂ ಬಿಗಿದೆ. ಹಲ್ಲು ಬೇಕಿರಲಿಲ್ಲ. ಬಟ್ಟೆಗುಡ್ಡೆ ಹಿಂದೆ ಇದೆಯೇ ಎಂದು ನೋಡಿಕೊಂಡೆ, ಇತ್ತು. ಮೆಲ್ಲಗೆ ಎದ್ದೆ. ನಲ್ಲಿ ತಿರುಗಿತು, ಜೊರ್ ಎನ್ನಲು ಹೊರಟಿತು. ಕಾಲಿಗೆ ಕಾಲು ಹೆಣೆದು ಹಿಂಡಿದೆ. "ಸುಮ್ಮನೆ… ಇರು" ಎಂದೆ, ಯಾರಿಗೆಂದು ಗೊತ್ತಿಲ್ಲ. ನಲ್ಲಿ ನಿಂತಿತು. ಕಿಟಕಿ ಕಿಟಕಿಯಷ್ಟೇ ಇತ್ತು.

ನಡೆದೆ. ಹಾಸಿಗೆ ದಾಟಿ, ಮೇಜು ದಾಟಿ ಕಿಟಕಿಗೆ ಹೋದೆ. ಕೆಳಗೆ ನಾಲ್ಕು ಜನ ಪಿಯಾನೋದ ನಾಲ್ಕು ಮೂಲೆ ಹಿಡಿದು ಒಬ್ಬರಿಗೊಬ್ಬರು ಬೈಯುತ್ತಿದ್ದರು. ಗುಂಡಿ ಗಾಜಿಗೆ ಅಂಗೈ ಬಡಿದು ಕಿರುಚಿದಳು. ಅವರಲ್ಲೊಬ್ಬ ತಲೆಯೆತ್ತಿ ನೋಡಿ ನಕ್ಕ. ಮೊದಲು ನಡೆದದ್ದು ನಾನೇ, ಗಂಡ ಕಟ್ಟಿದ ಪಂದ್ಯ ನಾನು ಗೆದ್ದಿದ್ದೆ. ಅದನ್ನು ಹೇಳಬೇಕಿತ್ತು, ಈಗಲೇ.

ಫೋನು ಕೈಗೆತ್ತಿಕೊಂಡೆ. ದೊಡ್ಡಮ್ಮನ ಹೆಸರಿನ ಮೇಲೆ ಬೆರಳಿಟ್ಟವಳು ತಡೆದೆ. ಯಾವ ಚಿಂತೆ ಹೇಳಲಿ? ಗುಂಡಿಗೆ ಜ್ವರವಿಲ್ಲ. ಕೆಮ್ಮಿಲ್ಲ. ಕೆನ್ನೆ ಸ್ವಲ್ಪ ಕೆಂಪಗಿದೆ, ಅದನ್ನು ಕೇಳಬಹುದು. ಅಲ್ಲ, ಅದು ಗಾಜಿಗೆ ಒತ್ತಿದ್ದಕ್ಕೆ. ಹೇಳಿಕೊಳ್ಳಲು ಒಂದು ಚಿಂತೆಯೂ ಸಿಗದೆ ಸ್ವಲ್ಪ ಹೊತ್ತು ತಬ್ಬಿಬ್ಬಾಗಿ ನಿಂತೆ. ಆಮೇಲೆ ಒತ್ತಿದೆ.

"ಕೂತಿದೀಯೋ ನಿಂತಿದೀಯೋ?"

"ನಿಂತಿದೀನಿ."

"ಗುಂಡಿ ಎಲ್ಲಿ?"

"ಸೊಂಟದ ಮೇಲೆ."

ಆ ಕಡೆ ಕಾರಿಡಾರಿನ ಕಿಟಕಿಯ ಹತ್ತಿರ ನಿಂತಿದ್ದರೆಂದು ಕಾಣುತ್ತದೆ, ದೂರದಲ್ಲಿ ಲಿಫ್ಟಿನ ಬಾಗಿಲು ಸರಿದ ಸದ್ದಾಯಿತು. ಆಮೇಲೆ ದೊಡ್ಡಮ್ಮ ಎಚ್ಚರಿಕೆಯಿಂದ ಕೇಳಿದರು:

"ಯಾಕೆ ಫೋನ್ ಮಾಡ್ದೆ?"

"ಸುಮ್ನೆ."

"ಏನಂದೆ?"

"ಸುಮ್ನೆ ಮಾಡ್ದೆ ದೊಡ್ಡಮ್ಮ."

ದಡದಡ ಓಡಿದ ಸದ್ದು. ಬಾಗಿಲು ದಬಾರೆಂದು ತೆರೆದುಕೊಂಡಿತು. "ಕೇಳ್ರಪ್ಪಾ! ನಮ್ಮ ಹುಡುಗಿ ಸುಮ್ನೆ ಫೋನ್ ಮಾಡಿದಾಳೆ! ಸುಮ್ನೆ! ನಿಂತ್ಕೊಂಡು!" ಮತ್ತೆ ದಪದಪ ಎಂಬ ಹೆಜ್ಜೆ. ನಿಜಕ್ಕೂ ಕುಣಿಯುತ್ತಿದ್ದರು. ಪಟ್ಟಿ ಕಟ್ಟಿಸಿಕೊಂಡು ಕೂತಿದ್ದವನಿರಬೇಕು, ಯಾರೋ ಗಂಡಸು "ಏನಾಯ್ತು, ಏನಾಯ್ತು?" ಎಂದು ಕೂಗಿದ. ಯಾವುದೋ ಯಂತ್ರ ಪೀಂ ಪೀಂ ಎನ್ನತೊಡಗಿತು. ಅದೆಲ್ಲದರ ಮೇಲೆ ಡಾಕ್ಟರಮ್ಮನ ದನಿ, ಸಂಧಿ ಬಿಡಿಸುವ ತಾಳ್ಮೆಯಿಲ್ಲದೆ, ನಮ್ಮ ಕಿಟಕಿಯವರೆಗೂ ಕೇಳಿತು:

"ಸುಮ್ಮನಮ್ಮಾ! ಸುಮ್ಮನಿರಿ!"